ಎಂಟನೇ ಕ್ಲಾಸಿಗೆ ಬಂದ ಮಕ್ಕಳಿಗೆ ಶಾಲೆ ‘ನಮ್ದು’ ಅನ್ನಿಸಬೇಕಾದರೆ

ಹಳ್ಳಿ ಮಕ್ಕಳು ಸಾಮಾನ್ಯವಾಗಿ 7ನೇ ಕ್ಲಾಸಿನವರೆಗೆ ಊರಿನ ಶಾಲೆಯಲ್ಲೇ ಓದುತ್ತಾರೆ. ಅಲ್ಲಿ ಮೇಷ್ಟ್ರಿಗೆ ಮನೆಮಂದಿಯೆಲ್ಲ ಗೊತ್ತು, ಬಿಸಿಯೂಟದ ಅಡುಗೆಯವರು ನೆಂಟರೇ ಆಗಿರುತ್ತಾರೆ. ಜೂನ್‌ನಲ್ಲಿ ಟಿಸಿ ತಂದು ಹೈಸ್ಕೂಲಿಗೆ ಸೇರಿದರೆ ಐದಾರು ಊರಿನ ಮಕ್ಕಳು, ಪೀರಿಯಡ್ಡಿಗೊಬ್ಬರು ಟೀಚರ್. ಈ ತಿರುವಿನಲ್ಲಿ ಸುಮ್ನೆ ಕಳೆದುಹೋದ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಸ್ವಾಗತದ ಫ್ಲೆಕ್ಸಿಗೆ ದುಡ್ಡು ಹಾಕಬೇಡಿ. ಆ ದುಡ್ಡಲ್ಲಿ ಹುಡುಗಿಯರ ಶೌಚಾಲಯಕ್ಕೆ ಚಿಲಕ ಹಾಕಿಸಿ.

ಮೊದಲು ಹೆಸರು. ಒಂದು ವಾರದಲ್ಲಿ ಕಲಿಯಿರಿ, ಊರ ಹೆಸರು ಹಿಡಿದು ಕರೆಯಬೇಡಿ.

ಆಮೇಲೆ ಬೆಂಚು. ಒಂದೇ ಊರಿನ ಇಬ್ಬರು ಜೊತೆಗಿರಲಿ, ಮೂರನೆಯವರು ಬೇರೆ ಊರಿನವರು. ಮೊದಲ ದಿನವೇ ಎಲ್ಲರನ್ನೂ ಚದುರಿಸಬೇಡಿ.

ಮೂರನೆಯದು, ಪ್ರತಿ ಮಗುವಿಗೂ ಒಂದು ಕೆಲಸ. ಗಂಟೆ ಬಾರಿಸುವುದು, ಲೈಬ್ರರಿ ಪುಸ್ತಕ ಬರೆದುಕೊಳ್ಳುವುದು, ಬಿಸಿಯೂಟಕ್ಕೆ ಬೆಳಿಗ್ಗೆ ತಲೆ ಎಣಿಸಿ ಅಡುಗೆಯವರಿಗೆ ಹೇಳುವುದು. ಆ ಮಗು ಬರದಿದ್ದರೆ ಕೆಲಸ ನಿಂತಿತು ಅಂತ ಎಲ್ಲರಿಗೂ ಗೊತ್ತಾಗಬೇಕು. ಚುರುಕಿನ ನಾಲ್ವರಿಗೇ ಎಲ್ಲ ಕೊಟ್ಟರೆ ಉಪಯೋಗವಿಲ್ಲ. ಶೌಚಾಲಯ ತೊಳೆಸುವುದು ಈ ಲೆಕ್ಕಕ್ಕೆ ಬರುವುದೇ ಇಲ್ಲ, ಅದನ್ನು ಮಕ್ಕಳ ಕೈಲಿ ಮಾಡಿಸಲೇಬಾರದು.

ಈಗ ಕಷ್ಟದ ಹಂತ: ರಜೆ ಹಾಕಿದ ಮಗು ವಾಪಸ್ ಬರುವ ದಿನ. ಜಾಸ್ತಿ ಜನ ಎಡವುವುದು ಇಲ್ಲೇ. ನಾಲ್ಕು ದಿನ ಬಾರದ ಹುಡುಗಿ ಬಾಗಿಲಲ್ಲಿ ನಿಂತಿರುತ್ತಾಳೆ, ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ, ಬಿಟ್ಟ ಚಪ್ಪಲಿಯನ್ನೇ ಮತ್ತೆ ಕಾಲಲ್ಲಿ ಸರಿಮಾಡುತ್ತಾ. ‘ಏನಮ್ಮ, ಶಾಲೆ ದಾರಿ ನೆನಪಾಯ್ತಾ?’ ಅಂದಿರೋ, ಕ್ಲಾಸೆಲ್ಲ ನಗುತ್ತದೆ, ನಾಳೆ ಆಕೆ ಬರುವುದಿಲ್ಲ. ಹೆಸರು ಹಿಡಿದು ‘ಬಾಮ್ಮ, ಕೂತ್ಕೋ’ ಅನ್ನಿ, ಹಾಜರಿ ಹಾಕಿ, ಪಾಠ ಮುಂದುವರಿಸಿ. ಅಷ್ಟೇ.

ಕಾರಣವನ್ನು ಊಟದ ಹೊತ್ತಲ್ಲಿ ಒಬ್ಬಳನ್ನೇ ಕೇಳಿ. ಸ್ಟಾಫ್ ರೂಮಿಗೆ ಕರೆಸಬೇಡಿ, ಅಲ್ಲಿ ಹತ್ತು ಕಿವಿ ಇರುತ್ತವೆ. ರಾಗಿ ಕೊಯ್ಲಿರಬಹುದು, ತಮ್ಮನನ್ನು ನೋಡಿಕೊಳ್ಳಲು ಯಾರೂ ಇಲ್ಲದಿರಬಹುದು, ಮುಟ್ಟಾಗಿರಬಹುದು. ಹೇಳಲು ಹಿಂಜರಿದರೆ ಬಿಟ್ಟುಬಿಡಿ, ಇನ್ನೊಂದು ದಿನ ಮೇಡಂ ಒಬ್ಬರು ಕೇಳಲಿ. ನಾಲ್ಕು ದಿನದ ನೋಟ್ಸೆಲ್ಲ ಇವತ್ತೇ ಬರಿ ಅನ್ನಬೇಡಿ. ಇವತ್ತಿನ ಪಾಠ ಅರ್ಥವಾಗಲು ಬೇಕಾದ ಒಂದು ಪುಟವನ್ನು ಬೆಂಚಿನ ಗೆಳತಿ ತೋರಿಸಿದರೆ ಸಾಕು. ಕೊನೆಗೆ ಅವಳ ಕೆಲಸ ಅವಳಿಗೇ ವಾಪಸ್ ಕೊಡಿ. ಇನ್ನೊಬ್ಬಳು ಅದನ್ನು ಚೆನ್ನಾಗಿ ಮಾಡುತ್ತಿದ್ದರೂ ಸರಿ.

ಮಗು ಮೂರನೇ ದಿನವೂ ಬರದಿದ್ದರೆ ಮನೆಗೆ ಫೋನ್ ಮಾಡಿ. ಬರದವರ ಹೆಸರನ್ನು ಪೋಷಕರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವ ಸುಲಭದ ದಾರಿ ಬೇಡವೇ ಬೇಡ, ಊರಿಗೆಲ್ಲ ಸಾರಿದಂತಾಗುತ್ತದೆ.

ಪೋಷಕರ ಸಭೆ ಸಂಜೆ ಐದರ ಮೇಲಿರಲಿ. ಕೂಲಿ ಬಿಟ್ಟು ಹನ್ನೊಂದು ಗಂಟೆಗೆ ಬಾ ಅಂದರೆ ಯಾರು ಬರುತ್ತಾರೆ, ಅಲ್ವಾ? ಬಂದವರಿಗೆ ಮಾರ್ಕ್ಸ್ ಹೇಳುವ ಮೊದಲು ಮಗಳು ಶಾಲೆಯಲ್ಲಿ ಯಾವ ಕೆಲಸ ನೋಡಿಕೊಳ್ಳುತ್ತಾಳೆ ಅಂತ ಹೇಳಿ.