ಜರ್ಮನಿಗೆ ಹೊರಟವರು ಯಾರನ್ನು, ಏನನ್ನು ಕೇಳಬೇಕು?

ರಾತ್ರಿ ಹನ್ನೊಂದಕ್ಕೆ ನಮ್ಮೂರ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಬೀಳುತ್ತದೆ: ‘ಬಂದು ಮೂರು ವಾರ ಆಯ್ತು, ಇನ್ನೂ ಆನ್‌ಮೆಲ್ಡುಂಗ್ (ವಿಳಾಸದ ನೋಂದಣಿ) ಆಗಿಲ್ಲ. ದಂಡ ಹಾಕ್ತಾರಾ?’ ಹತ್ತು ನಿಮಿಷದಲ್ಲಿ ಏಳು ಉತ್ತರ. ಹಾಕೋದೇ ಇಲ್ಲ ಅಂತ ಒಬ್ಬರು, ಸಾವಿರ ಯೂರೊ ಅಂತ ಇನ್ನೊಬ್ಬರು, ಏಜೆಂಟನ ನಂಬರ್ ಕಳಿಸುವವರು ಮತ್ತೊಬ್ಬರು. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಬರ್ಲಿನ್ನಿನವರು, ಒಬ್ಬರು 2012ರಲ್ಲಿ ಬಂದವರು, ಒಬ್ಬರಿಗೆ ಎಲ್ಲವನ್ನೂ ಕಂಪನಿಯೇ ಮಾಡಿಸಿಕೊಟ್ಟಿತ್ತು. ಅವರವರ ಊರು, ಅವರವರ ಕಾಲ. ಕೇಳಿದ ಹುಡುಗನಿಗೆ ಮಾತ್ರ ನಿದ್ದೆಯಿಲ್ಲ.

ಷ್ಟುಟ್‌ಗಾರ್ಟ್ ಹತ್ತಿರ ಇಷ್ಟು ವರ್ಷ ಇದ್ದು ನಾನು ಮಾಡಿಕೊಂಡಿರುವ ನಿಯಮ ಒಂದೇ. ಯಾವ ಕಚೇರಿಗೆ ಹೋಗಬೇಕು ಅನ್ನೋದನ್ನು ಗುಂಪಿನಲ್ಲಿ ಕೇಳಿ, ಉತ್ತರವನ್ನು ಮಾತ್ರ ಆ ಕಚೇರಿಯಿಂದಲೇ ತೆಗೆದುಕೊಳ್ಳಿ.

ಹೆಜ್ಜೆ 1: ಹೊರಡುವ ಮೊದಲು

ಇದು ಸುಲಭ. ನೀವು ಹೋಗುವ ನಗರಸಭೆಯ ಸ್ವಂತ ಜಾಲತಾಣವನ್ನು ಒಂದು ಸಂಜೆ ಕೂತು ಓದಿ. ದೊಡ್ಡ ಊರುಗಳದ್ದೆಲ್ಲ ಇಂಗ್ಲಿಷಿನಲ್ಲೂ ಇರುತ್ತದೆ. ಕೆಲಸಕ್ಕೆ ಬರುವವರಿಗೆ ಸರ್ಕಾರವೇ ನಡೆಸುವ ‘ಮೇಕ್ ಇಟ್ ಇನ್ ಜರ್ಮನಿ’ ತಾಣವಿದೆ. ಬೆಂಗಳೂರಿನಲ್ಲಿ ಇರುವವರು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಭಾಷೆಯ ಮೊದಲ ಹಂತ, ಎ1, ಮುಗಿಸಿಕೊಂಡು ಬನ್ನಿ. ‘ಆಫೀಸಲ್ಲಿ ಎಲ್ಲ ಇಂಗ್ಲಿಷೇ’ ಅನ್ನೋರ ಮಾತು ಕಟ್ಟಿಕೊಳ್ಳಬೇಡಿ. ನಿಮ್ಮ ಆಫೀಸಲ್ಲಿ ಇಂಗ್ಲಿಷ್ ಇರಬಹುದು, ಸರ್ಕಾರಿ ಆಫೀಸಿನ ಕಿಟಕಿಯ ಹಿಂದೆ ಇರುವುದಿಲ್ಲ.

ಹೆಜ್ಜೆ 2: ವಿಳಾಸ (ಎಲ್ಲರೂ ಎಡವುವುದು ಇಲ್ಲೇ)

ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದೇ ಆನ್‌ಮೆಲ್ಡುಂಗ್. ಮಾಡಿಸುವ ಕಚೇರಿಗೆ ಬರ್ಲಿನ್ನಿನಲ್ಲಿ ಬ್ಯುರ್ಗರ್‌ಆಮ್ಟ್ ಅಂತಾರೆ, ಷ್ಟುಟ್‌ಗಾರ್ಟ್, ಮ್ಯೂನಿಕ್ ಕಡೆ ಬ್ಯುರ್ಗರ್‌ಬ್ಯೂರೊ. ತೆರಿಗೆ ನಂಬರು, ಸಂಬಳ, ವಾಸದ ಪರವಾನಗಿ, ಎಲ್ಲವೂ ಇದಕ್ಕೆ ಗಂಟು ಹಾಕಿಕೊಂಡಿವೆ.

ನಮ್ಮವರು ಬಾಡಿಗೆ ಕರಾರುಪತ್ರ ಹಿಡಿದು ಹೋಗುತ್ತಾರೆ, ವಾಪಸು ಕಳಿಸಿಕೊಳ್ಳುತ್ತಾರೆ. ಕರಾರು ಸಾಲದು. ಮನೆ ಕೊಟ್ಟವರು ಸಹಿ ಹಾಕಿದ ಇನ್ನೊಂದು ಚೀಟಿ ಬೇಕು, ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಹೆಸರು ರೈಲಿನಷ್ಟು ಉದ್ದ, ಕಾಗದ ಒಂದೇ ಪುಟ: ಮನೆಯ ವಿಳಾಸ, ನೀವು ಬಂದ ತಾರೀಕು, ಮನೆ ಕೊಟ್ಟವರ ಹೆಸರು ಮತ್ತು ವಿಳಾಸ, ಒಳಗೆ ಬಂದವರೆಲ್ಲರ ಹೆಸರು. 2015ರ ನವೆಂಬರ್ 1ರಿಂದ ಇದು ಕಡ್ಡಾಯ, ಕೊಡುವುದು ಮನೆ ಕೊಟ್ಟವರ ಕರ್ತವ್ಯ, ಉಪಕಾರವಲ್ಲ. ನೀವು ಇನ್ನೊಬ್ಬ ಬಾಡಿಗೆದಾರರ ಕೈಕೆಳಗೆ ಒಂದು ರೂಮು ಹಿಡಿದಿದ್ದರೆ ಆ ಮುಖ್ಯ ಬಾಡಿಗೆದಾರರೇ ಬರೆದುಕೊಡಬಹುದು. ಹೆಂಡತಿ ಮಕ್ಕಳು ಎರಡು ತಿಂಗಳು ಬಿಟ್ಟು ಬಂದರೆ ಅವರ ಹೆಸರಿಗೆ ಮತ್ತೆ ಚೀಟಿ, ಮತ್ತೆ ನೋಂದಣಿ.

ಆದ್ದರಿಂದ ಮನೆ ನೋಡುವಾಗಲೇ ಕೇಳಿ: ‘ಇಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದಾ?’ ಆಗಲ್ಲ ಅಂದರೆ, ಇಲ್ಲವೇ ‘ನೋಡೋಣ’ ಅಂದರೆ, ಮುಂದಿನ ಮನೆ ನೋಡಿ. ತಿಂಗಳ ಲೆಕ್ಕದಲ್ಲಿ ಕೊಡುವ ಅಗ್ಗದ ರೂಮುಗಳಲ್ಲಿ ಈ ಗೋಳು ಜಾಸ್ತಿ. ಮುಂಗಡ ಹಣಕ್ಕೂ ಮಿತಿಯಿದೆ: ಖರ್ಚುವೆಚ್ಚ ಸೇರಿಸದ ಬರೀ ಬಾಡಿಗೆಯ ಮೂರು ತಿಂಗಳ ಮೊತ್ತಕ್ಕಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಮೂರೇ ತಿಂಗಳಾ ಅನ್ನಿಸಿ, ಮನೆಯನ್ನು ಕಣ್ಣಾರೆ ನೋಡದೆ ದುಡ್ಡು ಕಳಿಸಿಬಿಡುತ್ತಾರೆ. ‘ನಾನು ಸದ್ಯ ಲಂಡನ್ನಿನಲ್ಲಿದ್ದೀನಿ, ಬೀಗದ ಕೈ ಕೊರಿಯರ್ ಮಾಡ್ತೀನಿ’ ಅನ್ನುವ ಮಾಲೀಕನಿಗೆ ಮನೆಯೇ ಇರುವುದಿಲ್ಲ.

ಇಲ್ಲೊಂದು ಅಡ್ಡದಾರಿಯ ಮಾತು. ನೂರಿನ್ನೂರು ಯೂರೊಗೆ ವಿಳಾಸ ಮಾರುವವರಿದ್ದಾರೆ. ನೀವು ವಾಸ ಮಾಡದ ಮನೆಗೆ ನಿಮ್ಮ ಹೆಸರಿನ ಚೀಟಿ ಬರೆದುಕೊಡುತ್ತಾರೆ. ಹಾಗೆ ವಿಳಾಸ ಕೊಟ್ಟವರಿಗೆ ಕಾನೂನಿನಲ್ಲಿ 50,000 ಯೂರೊವರೆಗೆ ದಂಡವಿದೆ. ನಿಮ್ಮ ಪತ್ರಗಳೆಲ್ಲ ಅವರ ಪೆಟ್ಟಿಗೆಗೆ ಹೋಗಿ ಬೀಳುವುದು ಬೇರೆ. ಕಚೇರಿಯ ಅಪಾಯಿಂಟ್‌ಮೆಂಟನ್ನೇ ಮಾರುವವರೂ ಇದ್ದಾರೆ. ಅಪಾಯಿಂಟ್‌ಮೆಂಟಿಗೆ ಕಚೇರಿ ದುಡ್ಡು ತೆಗೆದುಕೊಳ್ಳುವುದಿಲ್ಲ, ನೀವೂ ಯಾರಿಗೂ ಕೊಡಬೇಡಿ. ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ತಾಣವನ್ನು ಮತ್ತೆ ಮತ್ತೆ ನೋಡಿ, ರದ್ದಾದ ಸಮಯಗಳು ಆಗ ಕಣ್ಣಿಗೆ ಬೀಳುತ್ತವೆ. ಬರ್ಲಿನ್ನಿನಲ್ಲಿ ನಿಮ್ಮ ಬಡಾವಣೆಯದ್ದೇ ಆಗಬೇಕೆಂದಿಲ್ಲ, ಊರಿನ ಯಾವ ಬ್ಯುರ್ಗರ್‌ಆಮ್ಟ್ ಆದರೂ ನಡೆಯುತ್ತದೆ. 115ಕ್ಕೆ ಫೋನ್ ಮಾಡಿಯೂ ಕೇಳಬಹುದು; ಅದು ಎಲ್ಲ ಸರ್ಕಾರಿ ಕಚೇರಿಗಳ ವಿಚಾರಣೆಗೆ ಇರುವ ನಂಬರು, ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ. ಎರಡು ವಾರದೊಳಗೆ ಸಮಯ ಸಿಗದಿದ್ದರೆ ಎದೆ ಒಡೆದುಕೊಳ್ಳಬೇಡಿ. ಬುಕ್ ಮಾಡಿದ ದಿನದ ಇಮೇಲ್ ಇಟ್ಟುಕೊಳ್ಳಿ, ನಿಮ್ಮ ಕಡೆಯಿಂದ ತಡವಾಗಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ.

ಅರ್ಜಿಯಲ್ಲಿ ಧರ್ಮದ ಕಾಲಮ್ಮೂ ಇದೆ. ಮಂಗಳೂರಿನ ನಮ್ಮ ಕ್ಯಾಥೊಲಿಕ್ ಗೆಳೆಯರಿಗೆ ಇದು ಮೊದಲೇ ಗೊತ್ತಿರಲಿ: ಅಲ್ಲಿ ಬರೆದದ್ದನ್ನು ನೋಡಿ ಸಂಬಳದಲ್ಲಿ ಚರ್ಚ್ ತೆರಿಗೆ ಹಿಡಿಯುತ್ತಾರೆ. ಆದಾಯ ತೆರಿಗೆಯ ಮೇಲೆ ಬವೇರಿಯಾ ಮತ್ತು ಬಾಡೆನ್ ವ್ಯುರ್ಟೆಂಬೆರ್ಗ್‌ನಲ್ಲಿ ನೂರಕ್ಕೆ 8, ಉಳಿದ ರಾಜ್ಯಗಳಲ್ಲಿ 9.

ಹೆಜ್ಜೆ 3: ಬಾಗಿಲ ಮೇಲೆ ಹೆಸರು

ಇದೂ ಒಂದು ಹೆಜ್ಜೆಯಾ ಅಂತ ನಗಬೇಡಿ. ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಪೋಸ್ಟ್‌ಮ್ಯಾನ್ ನೋಡುವುದು ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ. ಹೆಸರಿಲ್ಲದಿದ್ದರೆ ಪತ್ರ ಬಂದ ದಾರಿಯಲ್ಲೇ ವಾಪಸು.

ನಮ್ಮ ಕಡೆಯವರಿಗೆ ಇದರಲ್ಲಿ ಬೇರೆಯದೇ ಫಜೀತಿ. ಊರಲ್ಲಿ ಇನಿಷಿಯಲ್ ಹಾಕಿಕೊಂಡು ಆರಾಮಾಗಿದ್ದ ಹೆಸರು ಪಾಸ್‌ಪೋರ್ಟಿನಲ್ಲಿ ಬಿಚ್ಚಿಕೊಂಡಿರುತ್ತದೆ. ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರೋ ಊರ ಹೆಸರೋ ಬಂದು ಕೂತಿರುತ್ತದೆ. ಹಾಸನದ ಕಡೆಯ ಒಬ್ಬ ಹುಡುಗ ಪೆಟ್ಟಿಗೆಯ ಮೇಲೆ ತನ್ನ ಕರೆಯುವ ಹೆಸರು ಅಂಟಿಸಿದ್ದ. ಸರ್ಕಾರಿ ಪತ್ರಗಳು ‘ಹೆರ್ ಹೊಳೆನರಸೀಪುರ’ ಅನ್ನುವವರನ್ನು ಹುಡುಕಿಕೊಂಡು ಬಂದು ವಾಪಸು ಹೋಗುತ್ತಿದ್ದವು. ಹನ್ನೊಂದು ಅಂಕಿಯ ತೆರಿಗೆ ನಂಬರನ್ನು ತೆರಿಗೆ ಇಲಾಖೆಯವರು ಇಮೇಲಿನಲ್ಲಿ ಕಳಿಸುವುದಿಲ್ಲ, ಅಂಚೆಯಲ್ಲೇ ಬರಬೇಕು. ಅದಿಲ್ಲದೆ ಅವನ ಸಂಬಳಕ್ಕೆ ಆರನೆಯ ವರ್ಗದ ತೆರಿಗೆ, ಅಂದರೆ ಎಲ್ಲಕ್ಕಿಂತ ಜಾಸ್ತಿ ಕೊಯ್ಯುವ ವರ್ಗ, ಬಿತ್ತು. ಆಮೇಲೆ ಸರಿಹೋಯಿತು, ಆದರೆ ಆ ತಿಂಗಳ ಬಾಡಿಗೆಗೆ ಸಾಲ ಮಾಡಿದ್ದ. ಆದ್ದರಿಂದ ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಏನಿದೆಯೋ ಅದನ್ನೇ, ಅದೇ ಸ್ಪೆಲ್ಲಿಂಗಿನಲ್ಲಿ, ಮನೆಯ ಕೀಲಿ ಕೈಗೆ ಬಂದ ದಿನವೇ ಅಂಟಿಸಿ.

ಹೆಜ್ಜೆ 4: ಪತ್ರ ಬಂದಾಗ

ಫೋನಿನ ಅನುವಾದದ ಆ್ಯಪ್ ಸಾಕು, ಆದರೆ ಮೂರು ಪದ ಬಾಯಿಪಾಠ ಇರಲಿ. ಬೆಷೈಡ್ ಅಂದರೆ ಸರ್ಕಾರದ ತೀರ್ಮಾನ. ಫ್ರಿಸ್ಟ್ ಅಂದರೆ ಗಡುವು. ಮಾನುಂಗ್ ಅಂದರೆ ದುಡ್ಡು ಕಟ್ಟಿಲ್ಲವೆಂಬ ಎಚ್ಚರಿಕೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಆಕ್ಷೇಪಣೆಗೆ ಸಾಮಾನ್ಯವಾಗಿ ಒಂದು ತಿಂಗಳು ಇರುತ್ತದೆ. ಹಳದಿ ಲಕೋಟೆ ಬಂದರೆ ಇನ್ನೂ ಜಾಗ್ರತೆ: ಅದರ ಮೇಲೆ ಪೋಸ್ಟ್‌ಮ್ಯಾನ್ ಕೈಯಲ್ಲಿ ಬರೆದ ತಾರೀಕಿನಿಂದಲೇ ಗಡುವಿನ ಲೆಕ್ಕ. ಪತ್ರ ಇಟ್ಟುಕೊಂಡು ಲಕೋಟೆ ಎಸೆಯುವವರನ್ನು ನಾನು ಎಷ್ಟು ಜನ ನೋಡಿದ್ದೇನೋ.

ನೋಂದಣಿಯಾದ ಮೇಲೆ ರೇಡಿಯೊ, ಟಿವಿ ಶುಲ್ಕದ ಪತ್ರವೂ ಬರುತ್ತದೆ. ‘ನಮ್ಮ ಮನೇಲಿ ಟಿವೀನೇ ಇಲ್ಲ, ಇದು ಮೋಸ’ ಅಂತ ಹರಿದು ಹಾಕಬೇಡಿ. ಟಿವಿ ಇರಲಿ ಬಿಡಲಿ, ಮನೆಗೆ ತಿಂಗಳಿಗೆ 18.36 ಯೂರೊ. ತಲೆಗಲ್ಲ, ಮನೆಗೆ. ಒಂದೇ ಮನೆಯ ನಾಲ್ವರು ಹುಡುಗರಲ್ಲಿ ಒಬ್ಬ ಕಟ್ಟಿದರೆ ಸಾಕು.

ಹೆಜ್ಜೆ 5: ಕೂತು ಕೇಳಿಸಿಕೊಳ್ಳುವ ಮನುಷ್ಯರು

ನಮ್ಮವರಿಗೆ ಗೊತ್ತೇ ಇಲ್ಲದ ಸೌಲಭ್ಯ ಇದು. ವಲಸೆ ಬಂದವರಿಗಾಗಿ ಸರ್ಕಾರ ದುಡ್ಡು ಕೊಟ್ಟು ನಡೆಸುವ ಉಚಿತ ಸಲಹಾ ಕೇಂದ್ರಗಳಿವೆ. ಅದನ್ನು ಎಂಬಿಇ ಅಂತಾರೆ, 27 ದಾಟಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಯುವಜನರ ಕೇಂದ್ರವೇ ಬೇರೆ, ಹೆಸರು ಜೆಎಂಡಿ. ಕಾರಿಟಾಸ್, ಡಿಯಾಕೊನೀ, ರೆಡ್ ಕ್ರಾಸ್‌ನಂಥ ಸಂಸ್ಥೆಗಳು ನಡೆಸುತ್ತವೆ. ಚರ್ಚಿನವರು ಅಂತ ಹಿಂಜರಿಯಬೇಡಿ, ನಿಮ್ಮ ಜಾತಿ ಧರ್ಮ ಯಾರೂ ಕೇಳುವುದಿಲ್ಲ. ವಲಸೆ ಇಲಾಖೆಯಾದ ಬಾಮ್ಫ್‌ನ ತಾಣದಲ್ಲಿ ಪಿನ್‌ಕೋಡ್ ಹಾಕಿದರೆ ಹತ್ತಿರದ ಕೇಂದ್ರ ತೋರಿಸುತ್ತದೆ. ‘ಎಂಬಿಇಆನ್’ ಅನ್ನುವ ಆ್ಯಪಿನಲ್ಲಿ ಬರೆದೂ ಕೇಳಬಹುದು.

ಹೋಗುವಾಗ ಬಂದ ಪತ್ರಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿ, ಹೊಸದು ಮೇಲೆ. ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಮಗೆ ‘ಏನಿಲ್ಲ ಮೇಡಂ, ಒಂದು ಸಣ್ಣ ವಿಷಯ’ ಅಂತ ಕಾಲು ಗಂಟೆ ಸುತ್ತುವ ಅಭ್ಯಾಸ. ಅಷ್ಟರಲ್ಲಿ ಅವರ ಮುಂದಿನ ಅಪಾಯಿಂಟ್‌ಮೆಂಟು ಬಂದಿರುತ್ತದೆ. ನೇರವಾಗಿ ಕೇಳಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಷ್ಟುಟ್‌ಗಾರ್ಟಿನವರಿಗೆ ಶಾರ್ಲೊಟೆನ್‌ಪ್ಲಾಟ್ಸ್‌ನಲ್ಲಿ ವೆಲ್‌ಕಮ್ ಸೆಂಟರ್ ಇದೆ, ಹ್ಯಾಂಬರ್ಗಿನಲ್ಲೂ ಅಂಥದ್ದಿದೆ. ಮಾಲೀಕರ ಜೊತೆ ತಕರಾರು ಬಂದರೆ ಬಾಡಿಗೆದಾರರ ಸಂಘ, ಮೀಟರ್‌ಫೆರೈನ್. ವರ್ಷದ ಚಂದಾ ಕಟ್ಟಬೇಕು, ಕಟ್ಟಿ. ಹೀಟರಿನ ವರ್ಷದ ಲೆಕ್ಕಪತ್ರ ಕೈಗೆ ಬಂದಾಗ ಆ ಚಂದಾ ಎಷ್ಟು ಕಡಿಮೆ ಅನ್ನೋದು ಗೊತ್ತಾಗುತ್ತದೆ. ಭಾಷೆ ಕಲಿಯಲು ಫೋಕ್ಸ್‌ಹೋಖ್‌ಷೂಲೆ, ಅಂದರೆ ದೊಡ್ಡವರ ಕಲಿಕಾ ಕೇಂದ್ರ; ಮನೆಯಲ್ಲಿ ಒಂಟಿಯಾಗಿ ಕೂತು ಬೇಜಾರಾದವರಿಗೆ ಊರಿನ ಗ್ರಂಥಾಲಯ.

ಆರೋಗ್ಯ ವಿಮೆಯ ವಿಷಯದಲ್ಲಿ ನನ್ನದು ಹಟ. ನೌಕರಿಗೆ ಬರುವವರು ಸಾರ್ವಜನಿಕ ವಿಮೆಯನ್ನೇ ತೆಗೆದುಕೊಳ್ಳಿ; ಸಂಪಾದನೆಯಿಲ್ಲದ ಹೆಂಡತಿ ಅಥವಾ ಗಂಡ, ಮಕ್ಕಳು ಎಲ್ಲ ಅದರಲ್ಲೇ ಬೇರೆ ಕಂತಿಲ್ಲದೆ ಸೇರುತ್ತಾರೆ. ಊರಲ್ಲಿ ಏಜೆಂಟರು ಮಾರುವ ಅಗ್ಗದ ಪ್ರವಾಸಿ ವಿಮೆ ಮೊದಲ ಕೆಲವು ದಿನಕ್ಕೆ ಸರಿ, ಅದನ್ನೇ ನಂಬಿಕೊಂಡು ಇಲ್ಲಿ ಬಾಳಲಾಗುವುದಿಲ್ಲ. ವಿದ್ಯಾರ್ಥಿಗಳು ಸಾರ್ವಜನಿಕ ವಿಮೆ ಬೇಡವೆಂದು ಬರೆದುಕೊಟ್ಟರೆ ಓದು ಮುಗಿಯುವ ತನಕ ಅದಕ್ಕೆ ಮರಳುವ ದಾರಿಯಿಲ್ಲ. ಸಹಿ ಹಾಕುವ ಮುಂಚೆ ಇಷ್ಟು ನೆನಪಿರಲಿ.

ಹೆಜ್ಜೆ 6: ನಂಬರುಗಳು

ಆಂಬುಲೆನ್ಸ್, ಅಗ್ನಿಶಾಮಕ 112. ಪೊಲೀಸ್ 110. ರಾತ್ರಿ ಜ್ವರ ಬಂತು, ಪ್ರಾಣಕ್ಕೇನೂ ಅಪಾಯವಿಲ್ಲ ಅಂದರೆ 116117. ಸೀದಾ ಆಸ್ಪತ್ರೆಯ ಎಮರ್ಜೆನ್ಸಿಗೆ ಓಡಿದರೆ ಬೆಳಗಿನವರೆಗೂ ಬೆಂಚೇ ಗತಿ. ರಾತ್ರಿ ಪಾಳಿಯ ಔಷಧಿ ಅಂಗಡಿ ಯಾವುದೆಂದು ಮುಚ್ಚಿದ ಅಂಗಡಿಯ ಬಾಗಿಲ ಮೇಲೇ ಅಂಟಿಸಿರುತ್ತಾರೆ. ಮನೆಯೊಳಗೆ ಹಿಂಸೆ ಅನುಭವಿಸುವ ಹೆಣ್ಣುಮಕ್ಕಳಿಗೆ 116016, ಹಗಲು ರಾತ್ರಿ ಉಚಿತ, ಹೆಸರು ಹೇಳಬೇಕಿಲ್ಲ, ಬೇರೆ ಭಾಷೆಗಳಲ್ಲೂ ಮಾತಾಡಿಸುತ್ತಾರೆ. ಗಂಡನ ವೀಸಾದ ಮೇಲೆ ಬಂದವರು ಈ ನಂಬರನ್ನು ಗಂಡನಿಗೆ ಹೇಳಿಯೇ ಇಟ್ಟುಕೊಳ್ಳಬೇಕೆಂದೇನಿಲ್ಲ.

ಪಾಸ್‌ಪೋರ್ಟ್ ಕಳೆದರೆ ಬರ್ಲಿನ್ನಿನ ನಮ್ಮ ರಾಯಭಾರ ಕಚೇರಿ, ಇಲ್ಲವೇ ಫ್ರಾಂಕ್‌ಫರ್ಟ್, ಹ್ಯಾಂಬರ್ಗ್, ಮ್ಯೂನಿಕ್‌ನ ಕಾನ್ಸುಲೇಟುಗಳು. ಯಾವ ರಾಜ್ಯ ಯಾರ ಪಾಲಿಗೆ ಅನ್ನೋದನ್ನು ರೈಲು ಟಿಕೆಟ್ ತೆಗೆಯುವ ಮುಂಚೆ ನೋಡಿಕೊಳ್ಳಿ.

ಇನ್ನು ಕನ್ನಡ ಸಂಘಗಳು. ಫ್ರಾಂಕ್‌ಫರ್ಟ್ ಕಡೆ ರೈನ್ ಮೈನ್ ಕನ್ನಡ ಸಂಘ, ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ. ಯುಗಾದಿಗೆ, ರಾಜ್ಯೋತ್ಸವಕ್ಕೆ ತಪ್ಪದೆ ಹೋಗಿ. ಒಳ್ಳೆಯ ಮಕ್ಕಳ ಡಾಕ್ಟರು ಯಾರು, ಹುರಿದ ಕಡಲೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಅನ್ನೋದು ಸರ್ಕಾರದ ಯಾವ ತಾಣದಲ್ಲೂ ಇರುವುದಿಲ್ಲ. ಗುಂಪಿನಲ್ಲಿ ಪ್ರಶ್ನೆ ಹಾಕುವಾಗ ಊರು, ವೀಸಾದ ಬಗೆ, ಬಂದ ತಾರೀಕು ಮೂರನ್ನೂ ಬರೆಯಿರಿ. ಪತ್ರದ ಫೋಟೊ ಹಾಕುವುದಾದರೆ ಹೆಸರು, ನಂಬರುಗಳನ್ನು ಬೆರಳಿನಿಂದ ಮುಚ್ಚಿ ತೆಗೆಯಿರಿ.

ಮತ್ತೆ, ಪೆಟ್ಟಿಗೆಯ ಮೇಲೆ ಅಂಟಿಸುವ ಹೆಸರಿನ ಚೀಟಿಯನ್ನು ಊರಲ್ಲೇ ಪ್ರಿಂಟ್ ಹಾಕಿಸಿ, ಒಂದು ಸೆಲ್ಲೋಟೇಪಿನ ಸುರುಳಿಯ ಜೊತೆ ಸೂಟ್‌ಕೇಸಿನಲ್ಲಿ ಇಟ್ಟುಕೊಳ್ಳಿ. ಭಾನುವಾರ ಬಂದಿಳಿದರೆ ರೈಲು ನಿಲ್ದಾಣ, ಪೆಟ್ರೋಲ್ ಬಂಕು ಬಿಟ್ಟು ಇಲ್ಲಿ ಬಹುತೇಕ ಅಂಗಡಿಗಳು ತೆರೆದಿರುವುದಿಲ್ಲ.