ಲೈಕ್ ಬಂದವು, ಆರ್ಡರ್ ಬರಲಿಲ್ಲ ಅನ್ನುವವರಿಗೆ

ನಮ್ಮ ವೈನಿ (ಅತ್ತಿಗೆ) ಹುಬ್ಬಳ್ಳಿಯ ಹೊಸೂರಿನಲ್ಲಿ ಮನೆಯಲ್ಲೇ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ ಮಾರುತ್ತಾರೆ. ಹೋದ ವರ್ಷ ಯಾರೋ ಒಬ್ಬರು ಬಂದು 'ನಿಮ್ಮ ಪೇಜ್ ನಾವು ನೋಡ್ಕೋತೀವಿ' ಅಂತ ಹೇಳಿ ತಿಂಗಳಿಗಿಷ್ಟು ಅಂತ ದುಡ್ಡು ಇಸಿದುಕೊಂಡರು. ಮೂರು ತಿಂಗಳು ಫಾಲೋವರ್ಸ್ ಏರಿದ್ದೇ ಏರಿದ್ದು. ಆರ್ಡರ್ ಮಾತ್ರ ಇದ್ದಷ್ಟೇ. ತೆಗೆದು ನೋಡಿದರೆ ಅರ್ಧಕ್ಕರ್ಧ ಜನ ಎಲ್ಲೆಲ್ಲಿಯವರೋ, ಜೋಳದ ರೊಟ್ಟಿ ಕಣ್ಣಲ್ಲೂ ಕಾಣದವರು. "ಈ ಲೈಕ್ ತಗೊಂಡು ಏನ್ ಒಲಿಗೆ ಹಾಕ್ಲೇನು?" ಅಂದರು ವೈನಿ. ಆಮೇಲೆ ಇಬ್ಬರೂ ಕೂತು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡ ಪ್ಲ್ಯಾನ್ ಇದು. ನಿಮ್ಮದು ಗದಗ-ಬೆಟಗೇರಿಯ ಸೀರೆ ಅಂಗಡಿಯೇ ಇರಲಿ, ರಾಣೆಬೆನ್ನೂರಿನ ಟೇಲರಿಂಗ್ ಇರಲಿ, ದಾರಿ ಹೆಚ್ಚುಕಡಿಮೆ ಇದೇ.

ಮೊದಲು ಫೋನ್ ಬದಿಗಿಡಿ

ಈಚೆಗೆ ನಿಮ್ಮ ಹತ್ತಿರ ಕೊಂಡ 20 ಜನರ ಹೆಸರು ಬರೆಯಿರಿ. ಎಲ್ಲಿಯವರು, ಏನು ಕೊಂಡರು, ಕೊಳ್ಳುವ ಮೊದಲು ಏನು ಕೇಳಿದರು, ಇಷ್ಟು ಸಾಕು. ವೈನಿಯ ಪಟ್ಟಿಯಲ್ಲಿ ಎರಡೇ ಥರದವರು ಸಿಕ್ಕರು. ವಿದ್ಯಾನಗರ, ಗೋಕುಲ ರೋಡ್ ಕಡೆಯ, ಗಂಡ-ಹೆಂಡತಿ ಇಬ್ಬರೂ ನೌಕರಿಗೆ ಹೋಗುವ ಮನೆಯವರು ಒಂದು ಕಡೆ. ಬೆಂಗಳೂರು, ಪುಣೆಯಲ್ಲಿದ್ದು ಊರಿಗೆ ಬಂದಾಗ ಚೀಲ ತುಂಬಿಕೊಂಡು ಹೋಗುವ ನಮ್ಮವರು ಇನ್ನೊಂದು ಕಡೆ. ಮೊದಲಿನವರ ಪ್ರಶ್ನೆ, ಇವತ್ತು ಸಿಗುತ್ತಾ? ಎರಡನೆಯವರದು, ಎಷ್ಟು ದಿನ ಇಡಬಹುದು, ಬಸ್ಸಿನಲ್ಲಿ ಕಳಿಸಿದರೆ ಮುರಿಯುವುದಿಲ್ವಾ?

ಈ ಎರಡು ಪ್ರಶ್ನೆಗೆ ಉತ್ತರ ಕೊಡದ ಪೋಸ್ಟ್ ಹಾಕುವುದೇ ಬೇಡ ಅಂತ ಆವತ್ತೇ ತೀರ್ಮಾನ ಮಾಡಿದೆವು. ಗುಡ್ ಮಾರ್ನಿಂಗ್ ಫೋಟೊ, ಸುಭಾಷಿತ ಎಲ್ಲ ಅಲ್ಲಿಗೇ ನಿಂತವು.

ಅಂಗಡಿ ನಡೆಯುವುದು ವಾಟ್ಸ್‌ಆ್ಯಪ್‌ನಲ್ಲಿ

ಜನ ಇನ್‌ಸ್ಟಾಗ್ರಾಮ್‌ನಲ್ಲಿ ನೋಡುತ್ತಾರೆ, ವ್ಯವಹಾರ ಕುದುರುವುದು ವಾಟ್ಸ್‌ಆ್ಯಪ್‌ನಲ್ಲಿ. ಅದಕ್ಕೇ ಇಲ್ಲಿಂದ ಶುರು ಮಾಡಿ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ. ಅಂಗಡಿಗೆ ಬೇರೆ ನಂಬರ್ ಇದ್ದರೆ ಒಳ್ಳೆಯದು, ಇಲ್ಲವಾದರೆ ಬೀಗರ ಮೆಸೇಜೂ ಗಿರಾಕಿಯ ಮೆಸೇಜೂ ಕಲಸಿಹೋಗುತ್ತವೆ. ಕ್ಯಾಟಲಾಗ್‌ನಲ್ಲಿ ಒಂದೊಂದು ವಸ್ತುವಿನ ಫೋಟೊ, ತೂಕ, ರೇಟು ಹಾಕಿ. ರೇಟು ಮುಚ್ಚಿಟ್ಟು 'ಇನ್‌ಬಾಕ್ಸ್‌ಗೆ ಬನ್ನಿ' ಅನ್ನುವುದು ನನಗಂತೂ ಸೇರುವುದಿಲ್ಲ, ಕೇಳಲು ನಾಚಿಕೆಪಡುವ ಗಿರಾಕಿ ಹಾಗೇ ಮುಂದೆ ಹೋಗಿಬಿಡುತ್ತಾನೆ. ಪದೇ ಪದೇ ಬರುವ ಪ್ರಶ್ನೆಗೆ ಉತ್ತರವನ್ನು ಕ್ವಿಕ್ ರಿಪ್ಲೈ ಆಗಿ ಉಳಿಸಿಡಿ, ಹಿಟ್ಟಿನ ಕೈಯಲ್ಲಿ ಟೈಪ್ ಮಾಡುವ ಕಷ್ಟ ತಪ್ಪುತ್ತದೆ. ಲೇಬಲ್‌ಗಳೂ ಇವೆ: ಹೊಸ ಆರ್ಡರ್, ದುಡ್ಡು ಬಾಕಿ, ಮುಟ್ಟಿತು.

ಒಂದೇ ಮೆಸೇಜನ್ನು ಒಟ್ಟಿಗೆ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯ ಒಂದು ಗುಟ್ಟು ತುಂಬಾ ಜನರಿಗೆ ಗೊತ್ತಿಲ್ಲ. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತದೆ. ಹಾಗಾಗಿ ರೊಟ್ಟಿ ಕೈಗೆ ಕೊಡುವಾಗಲೇ "ನಂಬರ್ ಸೇವ್ ಮಾಡ್ಕೊಳ್ರಿ" ಅಂತ ಹೇಳಬೇಕು. ಪೊಟ್ಟಣದ ಚೀಟಿಯ ಮೇಲೂ ಇರಲಿ. ತಿನ್ನುವ ವಸ್ತುವಾದರೆ ಅದೇ ಚೀಟಿಯಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್, ಮಾಡಿದ ತಾರೀಖು ಮರೆಯಬೇಡಿ.

ಸ್ಟೇಟಸ್ 24 ತಾಸು ಇರುತ್ತದೆ. ಹಿಂದೆ ಪೇಜ್ ನೋಡಿಕೊಳ್ಳುತ್ತಿದ್ದವರು 'ಕೈಗೆಟುಕುವ ದರದಲ್ಲಿ ಗುಣಮಟ್ಟದ ಉತ್ಪನ್ನಗಳು' ಅಂತ ಹಾಕುತ್ತಿದ್ದರು. ಒಬ್ಬರೂ ಮಾತಾಡಿಸಲಿಲ್ಲ. ಈಗ ವೈನಿ ಮುಂಜಾನೆ ಒಲೆ ಹಚ್ಚುವಾಗಲೇ 'ಇವತ್ತ 11ಕ್ಕ ಸಜ್ಜಿ ರೊಟ್ಟಿ ಸಿಗ್ತಾವ, ಯಾರಿಗೆ ಬೇಕು ಹೇಳ್ರಿ' ಅಂತ ಹಾಕುತ್ತಾರೆ. ರೊಟ್ಟಿ ಆರುವ ಮೊದಲೇ ಆರ್ಡರ್ ಬಂದಿರುತ್ತವೆ.

ಗೂಗಲ್ ಮ್ಯಾಪ್‌ನಲ್ಲಿ ಹೆಸರು ಸೇರಿಸುವುದು ಪುಕ್ಕಟೆ, ಒಂದು ಮಧ್ಯಾಹ್ನದ ಕೆಲಸ. ಸಮಯ, ಫೋನ್, ಸ್ವಂತ ತೆಗೆದ ಫೋಟೊ ಹಾಕಿ. ಖಾಯಂ ಗಿರಾಕಿಗಳಿಗೆ ರಿವ್ಯೂ ಬರೆಯಿರಿ ಅಂತ ಕೇಳಿ. ಬರೆದರೆ ಡಿಸ್ಕೌಂಟ್ ಕೊಡ್ತೀವಿ ಅನ್ನಬೇಡಿ, ಗೂಗಲ್ ನಿಯಮಕ್ಕೆ ಅದು ವಿರುದ್ಧ.

ವಿಡಿಯೊ: ಕೈ ತೋರಿಸಿ, ಮಾತು ಕಡಿಮೆ ಮಾಡಿ

ಇನ್‌ಸ್ಟಾಗ್ರಾಮ್ ಖಾತೆಯನ್ನು ಪ್ರೊಫೆಷನಲ್ ಅಂತ ಬದಲಿಸಿ, ನೋಡುವವರು ಯಾವ ಊರಿನವರು ಅಂತ ಗೊತ್ತಾಗುತ್ತದೆ. ವಾರಕ್ಕೆ ಎರಡು ರೀಲ್ಸ್ ಸಾಕು. ದಿನಕ್ಕೊಂದು ಅಂತ ಹೊರಟವರು ಹದಿನೈದು ದಿನಕ್ಕೆ ಸುಸ್ತಾಗುತ್ತಾರೆ. ಫೋನ್ ಉದ್ದುದ್ದ ಹಿಡಿಯಿರಿ, ಕಿಟಕಿ ಬೆಳಕಿನಲ್ಲಿ ತೆಗೆಯಿರಿ, ಲೆನ್ಸ್ ಒರೆಸಿಕೊಳ್ಳಿ (ನಗಬೇಡಿ, ಅಡುಗೆಮನೆ ಫೋನಿಗೆ ಎಣ್ಣೆ ಮೆತ್ತಿಕೊಂಡೇ ಇರುತ್ತದೆ). 'ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ' ಬೇಡ. ಮೊದಲ ಮೂರು ಸೆಕೆಂಡಿನಲ್ಲೇ ರೊಟ್ಟಿ ಬಡಿಯುವ ಪಟಪಟ ಸದ್ದು ಕೇಳಬೇಕು.

ನಮ್ಮಲ್ಲಿ ಚೆನ್ನಾಗಿ ಓಡಿದ್ದು ಒಂದು ಸಾದಾ ವಿಡಿಯೊ. ವೈನಿ ಹತ್ತು ರೊಟ್ಟಿ ಪೇರಿಸಿ, ಸುತ್ತ ಪೇಪರ್ ಸುತ್ತಿ, ರಟ್ಟಿನ ಡಬ್ಬಿಗಿಟ್ಟು, ಡಬ್ಬಿಯನ್ನು ಕಟ್ಟೆಯ ಮೇಲಿಂದ ಕೆಳಗೆ ಬಿಟ್ಟು, ಮತ್ತೆ ಬಿಚ್ಚಿ ತೋರಿಸಿದರು. ಒಂದರ ಅಂಚು ಮಾತ್ರ ಮುರಿದಿತ್ತು, ಅದನ್ನೂ ಮುಚ್ಚಿಡದೆ ಕ್ಯಾಮೆರಾ ಮುಂದೆಯೇ ಚಟ್ನಿ ಹಚ್ಚಿಕೊಂಡು ತಿಂದರು. ಬೆಂಗಳೂರಿನ ಆರ್ಡರ್ ಶುರುವಾದದ್ದು ಅದರಿಂದ. ಹಾವೇರಿ ಕಡೆ ಖಾರದ ಪುಡಿ ಮಾರುವವರಿಗೆ ಇಂಥದ್ದೇ ಅವಕಾಶ ಇದೆ: ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ ಗುರುತು (ಇದು ಇಂಥ ಕಡೆಯದೇ ಅನ್ನುವ ಸರ್ಕಾರಿ ಮಾನ್ಯತೆ) ಸಿಕ್ಕಿದೆ, ಆದರೆ ಅದರಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುವುದು ಹೊರಗಿನವರಿಗೆ ಗೊತ್ತಿಲ್ಲ. ಬಿಸಿ ಎಣ್ಣೆಗೆ ಒಂದು ಚಮಚ ಪುಡಿ ಹಾಕಿ ತೋರಿಸಿ, ಬಣ್ಣವೇ ಮಾತಾಡುತ್ತದೆ.

ಕ್ಯಾಲೆಂಡರ್ ಗೋಡೆಯ ಮೇಲೇ ಇದೆ

ಏನು ಪೋಸ್ಟ್ ಮಾಡಲಿ ಅಂತ ತಲೆ ಕೆಡಿಸಿಕೊಳ್ಳಬೇಡಿ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬೇಸಿಗೆಗೆ ಹಪ್ಪಳ-ಸಂಡಿಗೆ, ನಾಗರಪಂಚಮಿಗೆ ಉಂಡಿ. ಹಬ್ಬಕ್ಕೆ 15 ದಿನ ಮೊದಲೇ ಹೇಳಲು ಶುರು ಮಾಡಿ, ಆರ್ಡರ್ ಕೊನೆ ದಿನ ಯಾವುದು ಅಂತಲೂ ಹೇಳಿ. ಹಬ್ಬದ ಹಿಂದಿನ ದಿನ ಶುಭಾಶಯದ ಪೋಸ್ಟರ್ ಹಾಕಿದರೆ ಏನು ಬಂತು?

ಜಾಹೀರಾತಿಗೆ ದುಡ್ಡು ಹಾಕುವುದು ಇದೆಲ್ಲ ಆದ ಮೇಲೆ. ತಾನಾಗಿಯೇ ಚೆನ್ನಾಗಿ ಓಡಿದ ಪೋಸ್ಟಿಗೆ ಮಾತ್ರ ಹಾಕಿ. ಜಾಗ ಆರಿಸುವಾಗ ಇಡೀ ಭಾರತ ಅಂತ ಬಿಡದೆ ಹುಬ್ಬಳ್ಳಿ-ಧಾರವಾಡದ ಸುತ್ತ ಇಷ್ಟು ಕಿಲೋಮೀಟರ್ ಅಂತ ಗೆರೆ ಎಳೆಯಿರಿ, ಒತ್ತಿದರೆ ನೇರ ವಾಟ್ಸ್‌ಆ್ಯಪ್‌ಗೆ ಬರುವ ಹಾಗೆ ಇಡಿ. ದಿನಕ್ಕೆ 100 ರೂಪಾಯಿಯಂತೆ ಐದು ದಿನ ನೋಡಿ. ಆರ್ಡರ್ ಬರದಿದ್ದರೆ ನಿಲ್ಲಿಸಿ, ಹಟ ಮಾಡಬೇಡಿ.

ಲೆಕ್ಕ ಇಡಲು ಆ್ಯಪ್ ಏನೂ ಬೇಕಿಲ್ಲ. ಹೊಸ ಗಿರಾಕಿ ಬಂದಾಗ "ಎಲ್ಲಿ ನೋಡಿದ್ರಿ?" ಅಂತ ಕೇಳಿ ನೋಟ್‌ಬುಕ್‌ನಲ್ಲಿ ಒಂದು ಗೀಟು ಹಾಕಿ. ಸ್ಟೇಟಸ್, ರೀಲ್ಸ್, ಮ್ಯಾಪ್, ಯಾರೋ ಹೇಳಿದ್ದು, ನಾಲ್ಕು ಕಾಲಂ ಸಾಕು. ವೈನಿ ಮೊದಲು ಫೇಸ್‌ಬುಕ್ ಪೇಜಿಗೂ ಒಂದು ಕಾಲಂ ಇಟ್ಟಿದ್ದರು, ತಿಂಗಳ ಕೊನೆಗೆ ಅದು ಖಾಲಿ ಇತ್ತು, ಅದನ್ನು ಬಿಟ್ಟೇಬಿಟ್ಟರು.

ಇನ್ನೊಂದು ಮಾತು, ದುಡ್ಡಿನದು. ಆರ್ಡರ್ ಹೆಚ್ಚಾದ ಹಾಗೆ ಸುಳ್ಳು ಪೇಮೆಂಟ್ ಸ್ಕ್ರೀನ್‌ಶಾಟ್ ಕಳಿಸುವವರೂ ಬರುತ್ತಾರೆ. ಅವರ ಚಿತ್ರ ನಂಬಬೇಡಿ, ನಿಮ್ಮ ಖಾತೆಗೆ ಬಂತಾ ನೋಡಿ. ವೈನಿ ಹೀಗೆ ಒಮ್ಮೆ 40 ರೊಟ್ಟಿ ಕಳೆದುಕೊಂಡಿದ್ದಾರೆ. ಈಗ ತಮ್ಮ ಖಾತೆಯಲ್ಲಿ ದುಡ್ಡು ಕಾಣುವವರೆಗೂ ಡಬ್ಬಿಗೆ ಹಗ್ಗ ಕಟ್ಟುವುದೇ ಇಲ್ಲ.