ಬ್ಲ್ಯಾಕ್‌ಬೆರಿ ಕ್ರಂಬಲ್ ಮುದ್ದೆಯಾಗದಿರಲು

ಕ್ರಂಬಲ್ ಅಂದರೆ ಹಣ್ಣಿನ ಮೇಲೆ ಗರಿಗರಿ ಪದರ ಹಾಕಿ ಓವನ್‌ನಲ್ಲಿ ಬೇಯಿಸುವ ಸಿಹಿತಿಂಡಿ. ಬೇಲಿಯಿಂದ ಕಿತ್ತು ತಂದ ಬ್ಲ್ಯಾಕ್‌ಬೆರಿಯನ್ನು ಸೇಬಿನ ಜೊತೆ ಬೇಯಿಸಬೇಡಿ. ಬ್ರ್ಯಾಮ್ಲಿ ಸೇಬನ್ನು (ಅಡುಗೆಗೆ ಬಳಸುವ ಹುಳಿ ಸೇಬು) ಮಾತ್ರ ಸಕ್ಕರೆ, ಚೂರು ಬೆಣ್ಣೆ ಹಾಕಿ ಅರೆಬೇಯಿಸಿ, ಆರಲು ಬಿಡಿ. 300 ಗ್ರಾಂ ಹಸಿ ಬ್ಲ್ಯಾಕ್‌ಬೆರಿಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಸವರಿ ಸೇಬಿಗೆ ಬೆರೆಸಿ. ಮೇಲೆ ಹಿಟ್ಟು-ಬೆಣ್ಣೆಯ ಪುಡಿ ಉದುರಿಸಿ ತಕ್ಷಣ ಓವನ್‌ಗೆ ಇಡಿ. ಈ ಹಣ್ಣು ಬಿಸಿ ತಾಗಿದ್ದೇ ತಡ ರಸ ಬಿಡುತ್ತದೆ, ಮೇಲಿನ ಗರಿಗರಿ ಪದರ ಗಂಜಿಯಾಗುತ್ತದೆ. ಕಾರ್ನ್‌ಫ್ಲೋರ್ ಆ ರಸವನ್ನು ಅಲ್ಲೇ ಗಟ್ಟಿ ಮಾಡುತ್ತದೆ. ಆದರೆ ಅಂಚಿನಲ್ಲಿ ನೇರಳೆ ರಸ ಕೊತಕೊತ ಕುದಿಯುವ ಮುಂಚೆ ತೆಗೆದರೆ ಹಸಿ ಹಿಟ್ಟಿನ ರುಚಿ. ಸೆಪ್ಟೆಂಬರ್ 29ರ ಮೈಕಲ್‌ಮಸ್ ಎಂಬ ಕ್ರೈಸ್ತ ಹಬ್ಬ ಕಳೆದ ಮೇಲೆ ಈ ಹಣ್ಣಿಗೆ ಸೈತಾನ ಉಗುಳುತ್ತಾನೆ ಅಂತ ಇಂಗ್ಲೆಂಡಿನ ಹಳಬರು ಹೇಳುತ್ತಾರೆ. ಉಗುಳುತ್ತಾನೋ ಬಿಡುತ್ತಾನೋ, ಅಷ್ಟೊತ್ತಿಗೆ ಹಣ್ಣು ನೀರುನೀರು. ಅದಕ್ಕೆ ಈ ಉಪಾಯ ನಡೆಯಲ್ಲ, ಸುಮ್ನೆ ಹಕ್ಕಿಗಳಿಗೆ ಬಿಡಿ.